ಇಂಗ್ಲೆಂಡಿನಲ್ಲಿ ಮಗುವಿನ ಕಾಯಿಲೆ ಏನಂತ ಗೊತ್ತಾಗದಿದ್ದಾಗ

ಬೆಂಗಳೂರಿನಲ್ಲಿ ಮಗುವಿಗೆ ಜ್ವರ ಬಿಡದಿದ್ದರೆ ಸಂಜೆಯೇ ಇನ್ನೊಬ್ಬ ಡಾಕ್ಟರ ಹತ್ತಿರ ಓಡುತ್ತೇವೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಹಾಗಾಗುವುದಿಲ್ಲ. ಮೊದಲು ಜಿಪಿ, ಅಂದರೆ ನಮ್ಮ ಬಡಾವಣೆಯ ಸಾಮಾನ್ಯ ವೈದ್ಯರು, ಅವರು ಬರೆದು ಕಳಿಸಿದರೆ ಮಕ್ಕಳ ತಜ್ಞರು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಗೆ ನೇರವಾಗಿ ಹೋದರೆ ಪ್ರಯೋಜನವಿಲ್ಲ, ಅಲ್ಲಿ ಎ ಅಂಡ್ ಇ (ತುರ್ತು ಚಿಕಿತ್ಸೆ) ವಿಭಾಗವೇ ಇಲ್ಲ. ಮನೆ ಸಿಕ್ಕ ವಾರದಲ್ಲೇ ಜಿಪಿ ಹತ್ತಿರ ಹೆಸರು ಬರೆಸಿಬಿಡಿ.

"ವೈರಲ್ ಇರಬೇಕು, ಪ್ಯಾರಾಸಿಟಮಾಲ್ ಕೊಡಿ" ಅನ್ನುವುದು ಮಾಮೂಲು. ಹೆಚ್ಚಿನ ಸಲ ಅದು ಸರಿಯೇ. ಆದರೆ ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಅಥವಾ ಯಾವ ಮಗುವಿಗೇ ಆಗಲಿ ಜ್ವರ ಐದು ದಿನವಾದರೂ ಬಿಡದಿದ್ದರೆ, ಅವತ್ತೇ ಜಿಪಿಗೆ ಇಲ್ಲವೇ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ಫ್ಯಾರನ್‌ಹೀಟ್‌ನಲ್ಲಿ "ನೂರಿದೆ" ಎಂದರೆ ಇಲ್ಲಿಯವರಿಗೆ ತಲೆಬುಡ ತಿಳಿಯುವುದಿಲ್ಲ! ಮೈಮೇಲಿನ ಕಲೆ ಗಾಜಿನ ಲೋಟ ಒತ್ತಿದರೂ ಮಾಸದಿದ್ದರೆ, ಉಸಿರಿಗೆ ಒದ್ದಾಡಿದರೆ, ಆಂಬುಲೆನ್ಸಿಗಾಗಿ ತುರ್ತು ನಂಬರ್ 999ಕ್ಕೆ ಫೋನ್ ಮಾಡಿ.

ಊರಿಗೆ ಹೋಗಿಬಂದಿದ್ದರೆ ಕೇಳದಿದ್ದರೂ ಹೇಳಿ. ಮಲೇರಿಯಾ, ಟೈಫಾಯಿಡ್ ಇಲ್ಲಿನ ಡಾಕ್ಟರಿಗೆ ತಟ್ಟನೆ ಹೊಳೆಯುವ ಹೆಸರುಗಳಲ್ಲ. ಅಜ್ಜಿ ಕಳಿಸಿದ ಕಾಡಿಗೆ, ನಾಟಿ ಔಷಧಿಯನ್ನೂ ಮುಚ್ಚಿಡಬೇಡಿ. ಕೆಲವದರಲ್ಲಿ ಸೀಸ ಇರುತ್ತದೆ.

ಕಾರಣ ಸಿಗದೆ ಬೆಳವಣಿಗೆ ಕುಂಠಿತವಾದರೆ, ಫಿಟ್ಸ್ ಮತ್ತೆ ಮತ್ತೆ ಬಂದರೆ, ವಂಶಪಾರಂಪರ್ಯ ಕಾಯಿಲೆಗಳನ್ನು ನೋಡುವ ಜೆನೆಟಿಕ್ಸ್ ಕ್ಲಿನಿಕ್ಕಿಗೆ ಕಳಿಸಬಹುದು. ಅಲ್ಲಿ ಮೊದಲು ಮನೆತನದ ನಕ್ಷೆ ಬರೆಯುತ್ತಾರೆ. ನಮ್ಮವರು ಎಡವುವುದು ಇಲ್ಲೇ. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗಿದ್ದರೆ ಹೇಳಲು ಸಂಕೋಚ. ಹೇಳಿದರೂ "ಅಂಕಲ್" ಅಂತೀವಿ. ನಮ್ಮಲ್ಲಿ ಪಕ್ಕದ ಮನೆಯವರೂ ಅಂಕಲ್ಲೇ ಅಲ್ವಾ? ಅಮ್ಮನ ಒಡಹುಟ್ಟಿದ ತಮ್ಮ ಅಂತ ಬಿಡಿಸಿ ಹೇಳಿ. ಅಪ್ಪ ಅಮ್ಮ ಇಬ್ಬರಲ್ಲೂ ಅಡಗಿರುವ ಒಂದೇ ಜೀನ್ ದೋಷ ಮಗುವಿಗೆ ಬಂದಿರಬಹುದು ಎಂಬ ಸುಳಿವು ಅದರಿಂದಲೇ ಸಿಗುತ್ತದೆ. ಎಳೆಯದರಲ್ಲೇ ತೀರಿಕೊಂಡ ಮಕ್ಕಳ ವಿಷಯವನ್ನೂ ಊರಿನ ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಸಾಮಾನ್ಯವಾಗಿ ಮಗುವಿನ ಜೊತೆ ಅಪ್ಪ ಅಮ್ಮ ಇಬ್ಬರ ರಕ್ತವನ್ನೂ ತೆಗೆದುಕೊಳ್ಳುತ್ತಾರೆ. ಫಲಿತಾಂಶಕ್ಕೆ ತಿಂಗಳುಗಳೇ ಹಿಡಿಯಬಹುದು. ಎಲ್ಲರಿಗೂ ಉತ್ತರ ಸಿಗುವುದೂ ಇಲ್ಲ. ಹೆಸರೇ ಇಲ್ಲದ ಕಾಯಿಲೆಯ ಮಕ್ಕಳ ಮನೆಯವರಿಗಾಗಿ ಸ್ವಾನ್ ಯುಕೆ ಎಂಬ ಬಳಗವಿದೆ.

ಇಂಗ್ಲಿಷ್ ತಡವರಿಸಿದರೆ ದುಭಾಷಿ ಬೇಕು ಅಂತ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ. ದುಡ್ಡು ಕೊಡಬೇಕಿಲ್ಲ. "ಕನ್ನಡ" ಅಂತ ಸ್ಪಷ್ಟವಾಗಿ ಹೇಳಿ, ಇಲ್ಲದಿದ್ದರೆ ಹಿಂದಿಯವರನ್ನು ಕರೆಸಿಬಿಟ್ಟಾರು.