ಕಿಕ್ಕಿರಿದ ಶಾಲೆಯಲ್ಲೇ ಉಳಿದೆವು: ವೇಕ್ ಕೌಂಟಿಯಲ್ಲಿ ನನ್ನ ಅನುಭವ

ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದಲ್ಲಿ, ರಾಲೀ ನಗರವಿರುವ ವೇಕ್ ಕೌಂಟಿಯ ಕ್ಯಾರಿಯಲ್ಲಿ ಮನೆ ಕೊಂಡು ಮಗನನ್ನು ನಮ್ಮ ಬಡಾವಣೆಯ ಸರ್ಕಾರಿ ಶಾಲೆಗೆ ಸೇರಿಸುವ ಹೊತ್ತಿಗೇ ಅದು ತುಂಬಿತ್ತು. ಒಂದೆರಡು ವರ್ಷದಲ್ಲಿ ಕ್ಯಾಪ್, ಅಂದರೆ ಇನ್ನು ಹೊಸ ಮಕ್ಕಳನ್ನು ಸೇರಿಸುವುದಿಲ್ಲವೆಂಬ ಮಿತಿ, ಕೂಡ ಬಿದ್ದು, ಹೊಸದಾಗಿ ಬಂದವರ ಮಕ್ಕಳು ಜಾಗವಿರುವ ಬೇರೆ (ಓವರ್‌ಫ್ಲೋ) ಶಾಲೆಯ ಬಸ್ಸು ಹತ್ತತೊಡಗಿದರು. ಮೈದಾನದ ಅಂಚಿಗೆ ತಾತ್ಕಾಲಿಕ ತರಗತಿಗಳಾಗಿ ಟ್ರೇಲರ್‌ಗಳು ಬಂದವು, ಊಟದ ಮೊದಲ ಸರದಿ ಬೆಳಿಗ್ಗೆ ಹತ್ತೂವರೆಗೇ ಶುರುವಾಯಿತು. ನಮ್ಮ ಪರಿಚಯದ ಕನ್ನಡ ಕುಟುಂಬಗಳಲ್ಲಿ ಹೆಚ್ಚಿನವು ಖಾಸಗಿ ಶಾಲೆಯನ್ನೋ, ಸರ್ಕಾರಿ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಚಾರ್ಟರ್ ಶಾಲೆಗಳ ಪ್ರವೇಶದ ಲಾಟರಿಯನ್ನೋ, ಬೇರೆ ಶಾಲಾ ಮಂಡಳಿಯಿರುವ ಚ್ಯಾಪೆಲ್ ಹಿಲ್ ಕಡೆಯ ಮನೆಯನ್ನೋ ಹುಡುಕಿಕೊಂಡು ಹೋದವು. "ಅದು ಶಾಲೆಯಲ್ಲ, ಸಂತೆ. ಅಲ್ಲಿ ಓದಿನ ಮಟ್ಟವೂ ಇಲ್ಲ. ನೀವು ಸುಮ್ಮನೆ ಹಟ ಹಿಡಿದಿದ್ದೀರಿ" ಎಂದು ನನ್ನ ಷಡ್ಡಕರು ಪ್ರತಿ ಹಬ್ಬದೂಟದಲ್ಲೂ ಹೇಳುತ್ತಿದ್ದರು. ಈಗ ಮಗ ಹನ್ನೊಂದನೆಯ ತರಗತಿಯಲ್ಲಿದ್ದಾನೆ, ಮಗಳು ಐದರಲ್ಲಿದ್ದಾಳೆ. ಮೊನ್ನೆ ಅದೇ ಷಡ್ಡಕರು ಫೋನು ಮಾಡಿ, ತಮ್ಮ ಕಿರಿಯವನನ್ನು ಸರ್ಕಾರಿ ಶಾಲೆಗೆ ಮರಳಿಸುವುದು ಹೇಗೆಂದು ಕೇಳಿದ್ದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ದುಡ್ಡಿನ ಲೆಕ್ಕವೇ ನಮ್ಮನ್ನು ಮೊದಲು ತಡೆದದ್ದು. ಖಾಸಗಿ ಶಾಲೆಯೆಂದರೆ ಒಂದು ಮಗುವಿಗೆ ವರ್ಷಕ್ಕೆ ಸುಮಾರು 25 ಸಾವಿರ ಡಾಲರ್, ಇಬ್ಬರಿಗೆ 50 ಸಾವಿರ. ಮನೆ ಬದಲಿಸೋಣವೆಂದರೆ, 2021ರಲ್ಲಿ ರಿಫೈನಾನ್ಸ್ ಮಾಡಿದ ನಮ್ಮ 3.6 ಲಕ್ಷ ಡಾಲರ್ ಸಾಲಕ್ಕೆ ಶೇ. 3ರ ಬಡ್ಡಿಯಲ್ಲಿ ತಿಂಗಳ ಕಂತು 1,500 ಡಾಲರ್ ಚಿಲ್ಲರೆ; 2023ರಲ್ಲಿ ಬಡ್ಡಿ ಶೇ. 7ರ ಆಸುಪಾಸಿಗೆ ಏರಿದಾಗ ಅಷ್ಟೇ ಸಾಲಕ್ಕೆ 2,400 ಆಗುತ್ತಿತ್ತು, ಏಜೆಂಟರ ಕಮಿಷನ್ ಬೇರೆ. ಅಷ್ಟೆಲ್ಲ ತೆತ್ತು ಏಪೆಕ್ಸಿಗೋ ಮೋರಿಸ್‌ವಿಲ್‌ಗೋ ಹೋದರೂ ಸಿಗುವುದು ಇದೇ ವ್ಯವಸ್ಥೆ, ಏಕೆಂದರೆ 1976ರಲ್ಲಿ ರಾಲೀ ನಗರದ ಶಾಲೆಗಳೂ ಕೌಂಟಿಯ ಶಾಲೆಗಳೂ ಒಂದಾದಂದಿನಿಂದ ಇಡೀ ವೇಕ್ ಕೌಂಟಿಗೆ ಒಂದೇ ಶಾಲಾ ಮಂಡಳಿಯಿದೆ. ಇನ್ನೊಂದು ಮಾತನ್ನೂ ಲೆಕ್ಕಕ್ಕೆ ಹಿಡಿಯಬೇಕು: ಶಾಲಾ ಕಟ್ಟಡಗಳಿಗೆಂದು ಕೌಂಟಿ ಎತ್ತಿದ ಸಾಲ, ಅಂದರೆ 2013ರ 81 ಕೋಟಿ ಡಾಲರ್ ಬಾಂಡ್, 2018ರ 54.8 ಕೋಟಿ, 2022ರ 53 ಕೋಟಿ, ಇವೆಲ್ಲದರ ಭಾರ ನಮ್ಮ ಮನೆ ತೆರಿಗೆಯ ಮೇಲೆ ಈಗಾಗಲೇ ಬಿದ್ದಿದೆ, ಆ ಹಣದಲ್ಲಿ ಶಾಲೆಗಳೂ ಏಳುತ್ತಿವೆ. ಕ್ಯಾರಿಯ ಪಶ್ಚಿಮದಲ್ಲಿ 2019ರಲ್ಲಿ ಗ್ರೀನ್ ಲೆವೆಲ್ ಹೈಸ್ಕೂಲು ತೆರೆದದ್ದನ್ನು ನೋಡಿದವರಿಗೆ, ಕಾಯುವುದೂ ಒಂದು ಹೂಡಿಕೆಯೆಂಬುದು ತಿಳಿದಿರುತ್ತದೆ.

ಉಳಿಯುವುದೆಂದರೆ ಮಲ್ಟಿ ಟ್ರ್ಯಾಕ್ ಕ್ಯಾಲೆಂಡರಿಗೆ, ಅಂದರೆ ಮಕ್ಕಳನ್ನು ಟ್ರ್ಯಾಕ್ ಎಂಬ ನಾಲ್ಕು ಗುಂಪು ಮಾಡಿ, ಸರದಿಯಂತೆ ರಜೆ ಕೊಟ್ಟು ವರ್ಷವಿಡೀ ಶಾಲೆ ನಡೆಸುವ ಏರ್ಪಾಡಿಗೆ, ಒಗ್ಗಿಕೊಳ್ಳುವುದು. ಮೂರು ಟ್ರ್ಯಾಕ್ ಒಳಗಿದ್ದಾಗ ಒಂದು ಹೊರಗಿರುವುದರಿಂದಲೇ 750 ಮಕ್ಕಳ ಕಟ್ಟಡದಲ್ಲಿ 1,000 ಮಕ್ಕಳು ಹಿಡಿಸುತ್ತಾರೆ. ಆದರೆ ಒಂಬತ್ತು ವಾರಕ್ಕೊಮ್ಮೆ ಬರುವ ಮೂರು ವಾರದ ರಜೆ, ಅಂದರೆ ಟ್ರ್ಯಾಕ್ ಔಟ್, ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯನ್ನು ಅಲ್ಲಾಡಿಸಿಬಿಡುತ್ತದೆ. ಕ್ಯಾಂಪಿಗೆ ವಾರಕ್ಕೆ ತಲೆಗೆ 300 ಡಾಲರಿನಂತೆ ಇಬ್ಬರಿಗೆ ವರ್ಷಕ್ಕೆ ಏಳು ಸಾವಿರದಷ್ಟು ಸುರಿದು ನೋಡಿದೆವು. ಮಕ್ಕಳು ಕಲಿತದ್ದು ಪಿಂಗ್‌ಪಾಂಗ್ ಮಾತ್ರ. ಆಮೇಲೆ ಬಡಾವಣೆಯ ಐದು ಮನೆಯವರು ಸೇರಿ ಸರದಿ ಕಟ್ಟಿದೆವು, ಆದರೆ ಆ ಐವರಲ್ಲಿ ಮೂರು ಬೇರೆ ಬೇರೆ ಟ್ರ್ಯಾಕಿನವರಿದ್ದುದರಿಂದ ರಜೆಗಳು ತಾಳೆಯಾಗದೆ ದೀಪಾವಳಿಯೊಳಗೇ ಅದು ಮುರಿದುಬಿತ್ತು. ಮರುವರ್ಷ ಐದೂ ಮನೆಗಳು ಒಂದೇ ಟ್ರ್ಯಾಕಿಗೆ ಬಂದ ಮೇಲೆ ಸೂತ್ರ ಸರಿಹೋಯಿತು: ವಾರದ ಒಂದೊಂದು ದಿನ ಒಂದೊಂದು ಮನೆಯವರು ಕೆಲಸಕ್ಕೆ ರಜೆ ಹಾಕುವುದು. ವರ್ಷಕ್ಕೆ ಮನೆಗೆ ಹನ್ನೆರಡು ರಜೆ, ಗಂಡ ಹೆಂಡತಿ ಹಂಚಿಕೊಂಡರೆ ಆರಾರು. ರಾಲೀಯ ನೈಸರ್ಗಿಕ ವಿಜ್ಞಾನ ಸಂಗ್ರಹಾಲಯಕ್ಕೆ ಪ್ರವೇಶ ಶುಲ್ಕವಿಲ್ಲ, ಗ್ರಂಥಾಲಯಕ್ಕೂ ಇಲ್ಲ. ಖರ್ಚು ಒಂದು ಸಾವಿರ ಡಾಲರಿಗೆ ಇಳಿಯಿತು. ಬೇಸಿಗೆ ರಜೆಯನ್ನು ಹೋಲುವುದೆಂದು ಎಲ್ಲರೂ ನಾಲ್ಕನೆಯ ಟ್ರ್ಯಾಕಿಗೆ ಮುಗಿಬೀಳುವಾಗ ನಾವು ಯಾವುದನ್ನು ಕೇಳಿದೆವು, ಐದೂ ಅರ್ಜಿಗಳು ಹೇಗೆ ಫಲಿಸಿದವು ಎಂಬುದನ್ನು ಇಲ್ಲಿ ಬರೆಯಲಾರೆ. ಎಲ್ಲರೂ ಅದನ್ನೇ ಮಾಡಿದರೆ ಅದು ಯಾರಿಗೂ ಫಲಿಸದು.

ಅಕ್ಟೋಬರಿನ ಟ್ರ್ಯಾಕ್ ಔಟಿನಲ್ಲಿ ಊರಿಗೆ ಹೋದರೆ ವಿಮಾನದ ಟಿಕೆಟ್ ಜೂನ್ ತಿಂಗಳಿಗಿಂತ ಸುಮಾರು ಮೂರನೆಯ ಒಂದು ಭಾಗ ಅಗ್ಗವಾಗುತ್ತದೆ. ಹಾಸನದ ಹತ್ತಿರ ನಮ್ಮ ಅಣ್ಣ ಮೇಷ್ಟರಾಗಿರುವ ಶಾಲೆಯಲ್ಲಿ ಮಗನನ್ನು ಆ ಮೂರು ವಾರ ಕೂರಿಸಿ ಕನ್ನಡ ಓದಿಸುವ ಪ್ರಯೋಗವೊಂದನ್ನೂ ಕೈಗೊಂಡಿದ್ದೆ. ಅಲ್ಲಿ ದಸರಾ ರಜೆಗೆ ಬಾಗಿಲು ಹಾಕಿತ್ತು. ಜನವರಿಯಲ್ಲಿ ಇನ್ನೊಮ್ಮೆ ಪ್ರಯತ್ನಿಸಿದಾಗ ಮಾತ್ರ ಒತ್ತಕ್ಷರ ತಿದ್ದಿಕೊಂಡು ಬಂದ.

ಓದಿನ ಮಟ್ಟದ ಬಗ್ಗೆ ಷಡ್ಡಕರು ಆಡಿದ ಮಾತಿಗೆ ಉತ್ತರ ಕಂಡುಕೊಳ್ಳಲು ಹೆಚ್ಚು ಕಾಲ ಹಿಡಿಯಿತು. ತಿಂಗಳಿಗೆ ಸುಮಾರು 150 ಡಾಲರ್ ಕೊಟ್ಟು ಒಂದು ವರ್ಷ ಟ್ಯೂಷನ್ ಸೆಂಟರಿಗೆ ಕಳಿಸಿದೆವು. ಬಂದದ್ದನ್ನೇ ಮತ್ತೆ ಮತ್ತೆ ತುಂಬಿಸುವ ಹಾಳೆಗಳು. ಚಾರ್ಟರ್ ಲಾಟರಿಗೆ ವರ್ಷ ಬಿಡದೆ ಅರ್ಜಿ ಹಾಕಿದರೂ ವೇಟಿಂಗ್ ಲಿಸ್ಟಿನ ಸಂಖ್ಯೆ ನೂರರ ಕೆಳಗೆ ಇಳಿದದ್ದಿಲ್ಲ. ಕೊನೆಗೆ ಕೈಹಿಡಿದದ್ದು ರಾಜ್ಯದ ಸಿಡಿಎಂ ವ್ಯವಸ್ಥೆ, ಅಂದರೆ ತರಗತಿಯಲ್ಲಿ ಕೂರದೆಯೇ ಪರೀಕ್ಷೆ ಬರೆದು, ಸ್ವಂತ ಪ್ರಾಜೆಕ್ಟ್ ತೋರಿಸಿ ಕೋರ್ಸು ದಾಟುವ ದಾರಿ. ಹೈಸ್ಕೂಲಿನ ಮೊದಲ ಗಣಿತ ಕೋರ್ಸಾದ ಮ್ಯಾತ್ 1ರ ಪ್ರಾಜೆಕ್ಟಿಗೆ ಮಗ ಆರಿಸಿಕೊಂಡದ್ದು ಮಕ್ಕಳನ್ನು ಕರೆದೊಯ್ಯಲು ಶಾಲೆಯ ಮುಂದೆ ನಿಲ್ಲುವ ಕಾರುಗಳ (ಕಾರ್‌ಪೂಲ್) ಸಾಲನ್ನೇ. ರಸ್ತೆಯ ತಿರುವಿನಲ್ಲಿ ಕ್ಲಿಪ್‌ಬೋರ್ಡ್ ಹಿಡಿದು ನಿಂತು, ನಿಮಿಷಕ್ಕೆ ಎಷ್ಟು ಕಾರು ಸೇರುತ್ತವೆ, ಎಷ್ಟು ಹೊರಬೀಳುತ್ತವೆ ಎಂದು ಗುರುತು ಹಾಕಿಕೊಂಡು, ಸಾಲು ಯಾವ ಗಳಿಗೆಯಲ್ಲಿ ಮುಖ್ಯ ರಸ್ತೆಯನ್ನು ಮುಟ್ಟುತ್ತದೆಂಬುದನ್ನು ಸರಳರೇಖೆಯ ಸಮೀಕರಣದಲ್ಲಿ ಬರೆದ. ಮಾರನೆಯ ದಿನ ಆ ಗಳಿಗೆ ಎರಡೋ ಮೂರೋ ನಿಮಿಷ ಮಾತ್ರ ತಪ್ಪಿತು. ಎಂಟನೆಯ ತರಗತಿಯಲ್ಲೇ ಮ್ಯಾತ್ 2ರಲ್ಲಿ ಕುಳಿತ. ಖಾಸಗಿ ಶಾಲೆಯಲ್ಲಿದ್ದ ಅವನ ಓರಗೆಯವರಲ್ಲಿ ಅಲ್ಲಿಗೆ ಮುಟ್ಟಿದವರು ಕಡಿಮೆ. ಈಗ ಹೈಸ್ಕೂಲು ಮಕ್ಕಳಿಗೆಂದು ರಾಜ್ಯ ನಡೆಸುವ ಕರಿಯರ್ ಆ್ಯಂಡ್ ಕಾಲೇಜ್ ಪ್ರಾಮಿಸ್ ಯೋಜನೆಯಡಿ ವೇಕ್ ಟೆಕ್ ಕಾಲೇಜಿನ ತರಗತಿಗಳನ್ನು ಬೋಧನಾ ಶುಲ್ಕವಿಲ್ಲದೆ ತೆಗೆದುಕೊಳ್ಳುತ್ತಿದ್ದಾನೆ. ವರ್ಷ ಮುಗಿಯುವಷ್ಟರಲ್ಲಿ ಹದಿನೈದು ಕ್ರೆಡಿಟ್ ಆಗಬಹುದು.

ಎಲ್ಲರೂ ಉಳಿಯಲೇಬೇಕೆಂದು ನಾನು ಹೇಳುವುದಿಲ್ಲ. ಗದ್ದಲವನ್ನು ತಾಳಲಾರದ ಮಗನಿದ್ದ ಸ್ನೇಹಿತರೊಬ್ಬರು ಪುಟ್ಟ ಖಾಸಗಿ ಶಾಲೆಗೆ ಹೋದದ್ದು ಸರಿಯಾಗಿಯೇ ಇತ್ತು. 2023ರಲ್ಲಿ ರಾಜ್ಯ, ಖಾಸಗಿ ಶಾಲೆಯ ಶುಲ್ಕಕ್ಕೆ ಹಣ ಕೊಡುವ ತನ್ನ ವೋಚರ್ ಯೋಜನೆಯ ಆದಾಯ ಮಿತಿ ತೆಗೆದುಹಾಕಿದ ಮೇಲೆ ಅಂಥವರಿಗೆ ಕೊಂಚ ನೆರವೂ ಸಿಗುತ್ತದೆ. ಸರದಿಯ ಉಪಾಯ ಕೂಡ ನಡೆಯುವುದು ಎಂಟನೆಯ ತರಗತಿಯವರೆಗೆ ಮಾತ್ರ, ಹೈಸ್ಕೂಲಿಗೆ ಮಾಮೂಲಿ ಕ್ಯಾಲೆಂಡರ್. ಮಗಳಿಗೆ ಬರುವ ಜುಲೈನಲ್ಲಿ ಮಿಡ್ಲ್ ಸ್ಕೂಲು ಶುರು. ಹಳೆಯ ಗುಂಪಿನಲ್ಲಿ ಈಗ ಮೂರು ಮನೆಗಳಷ್ಟೇ ಉಳಿದಿವೆ, ಮಂಗಳವಾರಕ್ಕೂ ಗುರುವಾರಕ್ಕೂ ಜನ ಬೇಕು. ನಾಲ್ಕನೆಯ ಟ್ರ್ಯಾಕೇ ಆಗಬೇಕೆನ್ನದ ಎರಡು ಕುಟುಂಬಗಳು ಸಿಕ್ಕರೆ ಅರ್ಜಿಯ ಗುಟ್ಟನ್ನು ಅವರಿಗೆ ಹೇಳಲು ನನ್ನ ಅಡ್ಡಿಯಿಲ್ಲ.