‘ಟೋಟಲ್ ಲಾಸ್’ ಆಗಿ ದುರಸ್ತಿಗೊಂಡ ಕಾರಿಗೆ ಬೆಲೆ ಕಟ್ಟುವ ಬಗೆ

ದುರಸ್ತಿಯ ವೆಚ್ಚವು ಪಾಲಿಸಿಯಲ್ಲಿ ನಮೂದಾದ ಐಡಿವಿಯ (ವಿಮೆಗಾಗಿ ಕಾರಿಗೆ ನಿಗದಿಪಡಿಸಿದ ಮೌಲ್ಯ) ಶೇ 75ನ್ನು ಮೀರಿದರೆ ಭಾರತದ ವಿಮಾ ಕಂಪನಿಗಳು ಕಾರನ್ನು ಸಾಮಾನ್ಯವಾಗಿ ಟೋಟಲ್ ಲಾಸ್ (ಪೂರ್ಣ ನಷ್ಟ) ಎಂದು ಪರಿಗಣಿಸುತ್ತವೆ. ಅಂಥ ಕೆಲವು ಕಾರುಗಳು ಹರಾಜಿನಲ್ಲಿ ಕೈಬದಲಾಗಿ, ದುರಸ್ತಿಗೊಂಡು, ಮತ್ತೆ ಮಾರಾಟಕ್ಕೆ ಬರುತ್ತವೆ.

ಬೆಲೆಯ ಮಾತಿಗೆ ಮೊದಲು ಹಾನಿಯನ್ನು ಅಂದಾಜಿಸಿದ ವಿಮಾ ಸರ್ವೇಯರ್ ವರದಿಯನ್ನೂ ದುರಸ್ತಿಯ ಬಿಲ್ಲುಗಳನ್ನೂ ಕೇಳಿ ಪಡೆಯಿರಿ. ಕದ್ದ ಕಾರಿಗೆ ಗುಜರಿ ಕಾರಿನ ದಾಖಲೆ ಹೊಂದಿಸುವ ವಂಚನೆಯೂ ಇರುವುದರಿಂದ, ಆರ್‌ಸಿಯಲ್ಲಿರುವ ಚಾಸಿ ಸಂಖ್ಯೆಯನ್ನು ಕಾರಿನ ಮೇಲೆ ಕೊರೆದ ಸಂಖ್ಯೆಯೊಂದಿಗೆ ತಪ್ಪದೆ ತಾಳೆ ನೋಡಿ.

ಬೆಲೆಯನ್ನು ನಿರ್ಧರಿಸುವುದು ಹಾನಿಯ ಸ್ವರೂಪ. ಬಾನೆಟ್, ಬಂಪರ್, ಬಾಗಿಲುಗಳಷ್ಟೇ ಬದಲಾಗಿದ್ದರೆ ಚೌಕಾಸಿಗೆ ಅವಕಾಶವಿದೆ. ಚಾಸಿ ಬಾಗಿದ್ದರೆ ಅಥವಾ ಬಿಚ್ಚಿಕೊಂಡ ಏರ್‌ಬ್ಯಾಗ್‌ಗಳನ್ನು ಮತ್ತೆ ಅಳವಡಿಸಿದ ಬಿಲ್ಲು ಇಲ್ಲದಿದ್ದರೆ ಅದು ಬೆಲೆಯ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಾದಂತೆ ನೆರೆಯಲ್ಲಿ ಮುಳುಗಿದ ಕಾರುಗಳ ವೈರಿಂಗ್ ಮತ್ತು ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ) ತಿಂಗಳುಗಳ ನಂತರವೂ ತುಕ್ಕಿನಿಂದ ಕೈಕೊಡಬಹುದಾದ್ದರಿಂದ, ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದು, ಕಾರ್ಪೆಟ್ಟಿನ ಅಡಿಯನ್ನು ಎತ್ತಿ, ಕೆಸರಿನ ಗುರುತು ಹುಡುಕಿ. ಸಿಕ್ಕರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ ಎಂಬುದೇ ನನ್ನ ಸಲಹೆ.

ಉಳಿದವುಗಳಿಗೆ ಅದೇ ಮಾದರಿಯ, ಅದೇ ವರ್ಷದ, ಅಪಘಾತವಾಗದ ಕಾರಿನ ದರದಿಂದ ಲೆಕ್ಕ ಆರಂಭಿಸಿ, ಬಾಕಿ ಕೆಲಸದ ಖರ್ಚನ್ನೂ ನೀವು ಮುಂದೆ ಮಾರುವಾಗ ಆಗುವ ನಷ್ಟವನ್ನೂ ಕಳೆಯಿರಿ. ಮಾರುವವರು ಹಳೆಯ ಕ್ಲೇಮನ್ನು ಮಾರಾಟ ಪತ್ರದಲ್ಲೇ ಬರೆದುಕೊಡಲಿ.