ಮನೆಯ ಮೇಜಿನ ಮೇಲೆ ಡಬ್ಲ್ಯುಡಿಎಂ-2 ಕಟ್ಟುವ ಬಗೆ

ಬಳ್ಳಾರಿಯಲ್ಲಿ ಅದಿರಿನ ಗೂಡ್ಸ್ ಗಾಡಿ ನೋಡುತ್ತ ಬೆಳೆದವರಿಗೆ ಮೊದಲು ಪುಟ್ಟ ಮಾದರಿಯಾಗಿ ಕಟ್ಟಬೇಕೆನಿಸುವ ರೈಲು ಎಂಜಿನ್ ಸಾಮಾನ್ಯವಾಗಿ ಡೀಸೆಲ್‌ನಿಂದ ಓಡುವ ಡಬ್ಲ್ಯುಡಿಎಂ-2. ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸವಾದ ಇದು 1962ರಲ್ಲಿ ಭಾರತಕ್ಕೆ ಬಂದು, 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿ ತಯಾರಾಯಿತು. ಮೈಯಲ್ಲಿ ನೇರ ಗೆರೆಗಳೇ ಹೆಚ್ಚಾಗಿರುವುದರಿಂದ ಹೊಸಬರ ಕೈಗೂ ಒಗ್ಗುತ್ತದೆ. ಆದರೆ ಚಾಸಿ, ಅಂದರೆ ಮೋಟಾರು ಮತ್ತು ಗಾಲಿಗಳಿರುವ ಕೆಳಚೌಕಟ್ಟು, ಸರಾಗವಾಗಿ ಓಡುವವರೆಗೆ ಮೈಗೆಂದು ಒಂದು ಹಾಳೆಯನ್ನೂ ಕತ್ತರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಚ್‌ಒ ಅಳತೆ, ಅಂದರೆ ನಿಜದ 87ರಲ್ಲಿ ಒಂದು ಪಾಲು, ಅನುಕೂಲಕರ. 17.12 ಮೀಟರ್ ಉದ್ದದ ಎಂಜಿನ್ ಆಗ ಸುಮಾರು 197 ಮಿಲಿಮೀಟರ್ ಆಗುತ್ತದೆ, 1092 ಮಿ.ಮೀ. ವ್ಯಾಸದ ಗಾಲಿ 12.5 ಮಿ.ಮೀ.ಗೆ ಇಳಿಯುತ್ತದೆ. ತೊಡಕಿರುವುದು ಹಳಿಯಲ್ಲಿ. ನಮ್ಮ ಬ್ರಾಡ್‌ಗೇಜಿನ 1676 ಮಿ.ಮೀ. ಈ ಅಳತೆಯಲ್ಲಿ 19.3 ಮಿ.ಮೀ. ಆಗಬೇಕು, ಆದರೆ ಅಂಗಡಿಯಲ್ಲಿ ಸಿಗುವ ಹಳಿಯ ಅಗಲ 16.5 ಮಿ.ಮೀ. ಮಾತ್ರ. ಮೊದಲ ಎಂಜಿನ್ನಿಗೆ ಈ ಕೊರತೆಯನ್ನು ಒಪ್ಪಿಕೊಂಡು, ಹಳೆಯ ಆಲ್ಕೊ ಮಾದರಿಯ ಆರು ಅಚ್ಚಿನ ಚಾಸಿಯನ್ನು ಬಳಸುವುದೇ ಜಾಣತನ. ಅಚ್ಚುಗಳ ನಡುವಿನ ಅಂತರ ಸಮವಾಗಿರದ ಬೋಗಿಯನ್ನೇ (ಇಲ್ಲಿ ಬೋಗಿ ಎಂದರೆ ಡಬ್ಬಿಯಲ್ಲ, ಎಂಜಿನ್ನಿನ ಅಡಿಯಲ್ಲಿ ಗಾಲಿಗಳನ್ನು ಹಿಡಿದಿಡುವ ಚೌಕಟ್ಟು) ಆರಿಸಬೇಕು, ಏಕೆಂದರೆ ಈ ಎಂಜಿನ್ನಿನ ಗುರುತೇ ಅದು. ಚಾಸಿಯನ್ನು ಎರಡೂ ದಿಕ್ಕಿಗೆ ಅರ್ಧರ್ಧ ಗಂಟೆ ಓಡಿಸಿ, ಗಾಲಿ ಒರೆಸಿ, ಗೇರುಗಳಿಗೆ ಒಂದೊಂದು ಹನಿ ಎಣ್ಣೆ ಬಿಡಬೇಕು.

ಮೈಗೆ 1 ಮಿ.ಮೀ. ದಪ್ಪದ ಸ್ಟೈರೀನ್ ಪ್ಲಾಸ್ಟಿಕ್ ಹಾಳೆ ಸಾಕು. ಉಕ್ಕಿನ ಸ್ಕೇಲ್ ಒತ್ತಿ ಹಿಡಿದು ಕಟರಿನಿಂದ ಹಗುರವಾಗಿ ನಾಲ್ಕಾರು ಬಾರಿ ಗೀರಿ, ಮೇಜಿನ ಅಂಚಿಗಿಟ್ಟು ಬಗ್ಗಿಸಿದರೆ ಹಾಳೆ ಗೆರೆಯುದ್ದಕ್ಕೂ ತಾನೇ ಮುರಿಯುತ್ತದೆ. ಒಂದೇ ಏಟಿಗೆ ಕತ್ತರಿಸಲು ಹೋದವರ ಬೆರಳಿಗೆ ಬ್ಯಾಂಡೇಜು ತಪ್ಪುವುದಿಲ್ಲ. ಹುಡ್‌ನ, ಅಂದರೆ ಎಂಜಿನ್ ಯಂತ್ರವನ್ನು ಮುಚ್ಚುವ ಉದ್ದನೆಯ ಹೊದಿಕೆಯ, ಬಾಗಿಲುಗಳ ಗೆರೆ ಮೂಡಿಸಲು ನಾನು ಜೀನ್ಸ್ ಹೊಲಿಯುವ ಯಂತ್ರದ ಹಳೆಯ ಸೂಜಿಯನ್ನು ಬಳಸುತ್ತೇನೆ. ಬಳ್ಳಾರಿಯಲ್ಲಿ ಅದಕ್ಕೆ ಬರವಿಲ್ಲ. ತುದಿಯನ್ನು ಎಮರಿ ಕಾಗದಕ್ಕೆ ತುಸು ಉಜ್ಜಿ ಮೊಂಡು ಮಾಡಿ, ಪೆನ್ಸಿಲ್ ಹಿಡಿಕೆಗೆ ಸಿಕ್ಕಿಸಿಕೊಂಡರೆ ಗೆರೆ ಹರಿಯದೆ ಆಳವಾಗಿ ಕೂರುತ್ತದೆ. ಕೈಕಂಬಿಗಳಿಗೆ 0.4 ಮಿ.ಮೀ. ಹಿತ್ತಾಳೆ ತಂತಿ ಒಪ್ಪುತ್ತದೆ.

ನನ್ನ ಮೊದಲ ಎಂಜಿನ್ನಿನಲ್ಲಿ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ದ್ರಾವಕ ಸುರಿದು ಅಂಟಿಸಿದ್ದೆ. ಹದಿನೈದು ದಿನಗಳಲ್ಲಿ ಬದಿಗೋಡೆ ಹಪ್ಪಳದಂತೆ ಉಬ್ಬಿತು. ಒಳಗೆ ಸಿಕ್ಕಿಕೊಂಡ ದ್ರಾವಕದ ಆವಿ ಹೊರಹೋಗಲಾರದೆ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿತ್ತು. ಆದ್ದರಿಂದ ಒಳಹಾಳೆಯಲ್ಲಿ ಅಲ್ಲಲ್ಲಿ ಸಣ್ಣ ತೂತು ಕೊರೆದು, ದ್ರಾವಕವನ್ನು ಕುಂಚದ ತುದಿಯಿಂದ ಅಂಚಿಗಷ್ಟೇ ಸವರಬೇಕು. ಕಿಟಕಿ ತೆರೆದಿರಲಿ. ತಂತಿಗೆ ಬಳಸುವ ಸೂಪರ್ ಗ್ಲೂ ಗಾಳಿಯ ತೇವದಿಂದಲೇ ಗಟ್ಟಿಯಾಗುವುದರಿಂದ, ನಮ್ಮ ಒಣ ಬೇಸಿಗೆಯಲ್ಲಿ ಅದು ನಿಧಾನಿಸಿದರೆ ಬಳಿಯಲ್ಲೊಂದು ಒದ್ದೆ ಬಟ್ಟೆ ಇಟ್ಟು ನೋಡಬಹುದು.

ಹಗುರವಾದ ಎಂಜಿನ್ ಎಳೆಯುವುದಿಲ್ಲ, ಗಾಲಿ ಜಾರುತ್ತದೆ. ಮೀನು ಹಿಡಿಯುವ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಎರಡು ಬೋಗಿಗಳ ನಡುವೆ ಸಮತೂಕವಾಗಿ ತುಂಬಬಹುದು. ಅವುಗಳನ್ನು ಮರಗೆಲಸಕ್ಕೆ ಬಳಸುವ ಬಿಳಿ ಗೋಂದಿನಿಂದ ಅಂಟಿಸಬಾರದು. ಸೀಸವು ಅದರೊಂದಿಗೆ ಪ್ರತಿಕ್ರಿಯಿಸಿ ವರ್ಷಗಳಲ್ಲಿ ಹಿಗ್ಗಿ ಮೈಯನ್ನು ಸೀಳುತ್ತದೆ. ಎಪಾಕ್ಸಿ ಅಂಟು ಬಳಸಿ, ನಂತರ ಕೈ ತೊಳೆಯಿರಿ.

ಬಣ್ಣವನ್ನು ಬೆಳಿಗ್ಗೆ ಬಿಸಿಲೇರುವ ಮುನ್ನವೇ ಸಿಂಪಡಿಸಬೇಕು. ಮಧ್ಯಾಹ್ನದ ಕಾವಿಗೆ ಹನಿಗಳು ಗಾಳಿಯಲ್ಲೇ ಒಣಗಿ, ಮೇಲ್ಮೈ ರವೆಯಂತೆ ತರಿತರಿಯಾಗುತ್ತದೆ. ಕೊನೆಯಲ್ಲಿ ಹಚ್ಚುವ ಧೂಳಿಗಾಗಿ ಅಂಗಡಿಗೆ ಹೋಗಬೇಕಾಗಿಲ್ಲ: ಸಂಡೂರಿನ ರಸ್ತೆಯ ಅಂಚಿನ ಕೆಂಪು ಹುಡಿಯನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ, ಕಾಗದದ ಮೇಲೆ ಹರವಿ, ಅಯಸ್ಕಾಂತವನ್ನು ಎರಡು ಮೂರು ಬಾರಿ ಆಡಿಸಿ. ಅದಕ್ಕೆ ಅಂಟುವ ಕಪ್ಪು ಕಣಗಳನ್ನು ಎಸೆಯಬೇಕು. ಇಲ್ಲವಾದರೆ ಅವು ಮೋಟಾರಿನ ಅಯಸ್ಕಾಂತಕ್ಕೆ ಸೇರಿಕೊಳ್ಳುತ್ತವೆ. ಉಳಿದ ಹುಡಿಯನ್ನು ಮೆತ್ತನೆಯ ಕುಂಚದಿಂದ ಬೋಗಿಗಳ ಮೇಲೆ ಹೆಚ್ಚಾಗಿ, ಹುಡ್‌ನ ಮೇಲೆ ಕಡಿಮೆಯಾಗಿ ಸವರಿ, ಮೋಟಾರನ್ನು ಹೊರಗಿಟ್ಟು ಮ್ಯಾಟ್ ವಾರ್ನಿಷ್ ಸಿಂಪಡಿಸಿ, ಮರುದಿನ ಮೈಯನ್ನು ಚಾಸಿಯ ಮೇಲೆ ಕೂರಿಸಿ.